ನೂರರಲ್ಲಿ ಒಂಬತ್ತು

ಹಲ್ ನಗರದ ಕ್ಲಿನಿಕ್ಕು, ಮೂರನೇ ಕೋಣೆ, ಮಂಗಳವಾರ.
ಗೋಡೆಯ ಮೇಲೆ ನೂರು ಹೆಂಗಸರು,
ಹೆಬ್ಬೆಟ್ಟಿನಷ್ಟು, ಎಲ್ಲರಿಗೂ ಒಂದೇ ಲಂಗ,
ಯಾರಿಗೂ ಮುಖವಿಲ್ಲ.
ನರ್ಸ್ ಮೊರೀನ್ ಪೆನ್ನಿನ ತುದಿಯಲ್ಲಿ ಎಣಿಸುತ್ತಾಳೆ:
ವರ್ಷವಿಡೀ ಮಾತ್ರೆ ನುಂಗುವ ನೂರು ಮಂದಿ,
ಸರಿಯಾಗಿ ನುಂಗಿದರೆ ಒಬ್ಬಳಿಗೂ ನಿಲ್ಲುವುದು ಕಷ್ಟ,
ಸಾಮಾನ್ಯವಾಗಿ ನುಂಗಿದರೆ ಒಂಬತ್ತು.

ನನ್ನ ಕೆಲಸ ಹೆಚ್ಚಿಲ್ಲ. ಅವಳಾಡಿದ್ದನ್ನು
ಕೂಡಿಸದೆ ಕಳೆಯದೆ ಇವಳ ಕಿವಿಗೆ ಹಾಕುವುದು.
ಗಂಟೆಗೆ ಹದಿನೆಂಟು ಪೌಂಡು, ಬಸ್ಸಿನ ದುಡ್ಡು ಬೇರೆ.
'ಸರಿಯಾಗಿ', 'ಸಾಮಾನ್ಯವಾಗಿ':
ಇವೆರಡರ ನಡುವೆ ನಾಲಿಗೆ ತಡವರಿಸಿತು.
ಕೊನೆಗೆ ಹೇಳಿದೆ, ಒಂದು ಪುಸ್ತಕದ ಬದನೆಕಾಯಿ,
ಇನ್ನೊಂದು ನಾವು ಮನೆಯಲ್ಲಿ ಹೆಚ್ಚುವುದು.

ಮಹಾನಂದಾ ನಕ್ಕಳು. ಗದಗಿನ ಕಡೆಯವಳು,
ವೃದ್ಧಾಶ್ರಮದಲ್ಲಿ ಕೆಲಸ, ನಾಲ್ಕು ರಾತ್ರಿ, ಒಂದು ಹಗಲು.
"ದಿನಾ ಅದ ಹೊತ್ತಿಗೆ ಅಂದ್ರ ಯಾವ ಹೊತ್ತಿಗ್ರೀ ಅಕ್ಕಾರ?
ನನಗ ಮುಂಜಾನಿ ಅನ್ನೂದು
ಒಮ್ಮೆ ಮಧ್ಯಾಹ್ನಕ್ಕ ಬರತೈತಿ, ಒಮ್ಮೆ ಬರೂದ ಇಲ್ಲ."
ಮೊರೀನ್ ಕಾಯುತ್ತಿದ್ದಳು. ಇಂಗ್ಲಿಷಿನಲ್ಲಿ ನಾನು ಹೇಳಿದ್ದು
ಇಷ್ಟೇ: ಪಾಳಿ ಬದಲಾಗುತ್ತದೆ.

ಆಮೇಲೆ ಕಾಂಡೋಮು, ಹದಿನೆಂಟು ಹೆಂಗಸರಿಗೆ ಬಣ್ಣ.
ದಿನ ಲೆಕ್ಕ ಹಾಕುವವರು, ಇಪ್ಪತ್ತನಾಲ್ಕು.
ಏನೂ ಮಾಡದವರು, ಎಂಬತ್ತೈದು.
"ಉಳದ ಹದಿನೈದು ಮಂದಿ ಏನ್ ಪುಣ್ಯಾ ಮಾಡ್ಯಾರೋ"
ಅಂದವಳೇ ತುಟಿ ಕಚ್ಚಿಕೊಂಡಳು.
"ಇಲ್ಲ ಬಿಡ್ರಿ, ಅವರಿಗೆ ಬೇಕಾಗಿರತೈತಿ."
ಇದನ್ನು ಅನುವಾದಿಸಬೇಕೋ ಬೇಡವೋ ತಿಳಿಯಲಿಲ್ಲ.

ತೋಳಿನ ತೊಗಲಡಿ ಒಂದು ಕಡ್ಡಿ, ಬೆಂಕಿಕಡ್ಡಿಯಷ್ಟು,
ಮೂರು ವರ್ಷಕ್ಕೆ ಮರೆಯಬಹುದು. ನೂರಕ್ಕೆ ಒಬ್ಬಳೂ ಇಲ್ಲ.
ತಾಮ್ರದ್ದು ಇನ್ನೂ ಹೆಚ್ಚು ವರ್ಷ, ಅದಕ್ಕೂ ಒಬ್ಬಳಿಲ್ಲ.
ನಮ್ಮಲ್ಲಿ ಅದಕ್ಕೆ ವಂಕಿ ಅನ್ನುತ್ತಾರೆ, ಅಂದೆ.
"ತಡೀರಿ, ತೋಳಿಗೆ ಹಾಕೂದು ವಂಕಿ ಅಲ್ಲ,
ಒಳಗ ಹಾಕೂದು ವಂಕಿ?
ನಮ್ಮವ್ವಗ ಎರಡೂ ಸಿಗಲಿಲ್ಲರೀ. ನಾವು ಏಳು ಮಂದಿ."
ನಾವಿಬ್ಬರೂ ನಕ್ಕ ನಗೆಗೆ ಮೊರೀನ್ ಹುಬ್ಬೇರಿಸಿದಳು.
ಬಂಗಾರದ ವಿಷಯ, ಅಂದೆ.

ಗಂಡಸರ ಆಪರೇಷನ್ನು, ಎರಡು ಸಾವಿರಕ್ಕೆ ಒಂದು.
ಕಿಟಕಿಯಾಚೆ ಸಮುದ್ರದ ಗಾಳಿಗೆ ಬೆನ್ನು ಕೊಟ್ಟು
ಈರಣ್ಣ ಮಗುವಿನ ಗಾಡಿ ತೂಗುತ್ತಿದ್ದ.
ಮೂವರೂ ಒಟ್ಟಿಗೆ ಅತ್ತ ನೋಡಿದೆವು.
ಅವನು ಪಾಪ, ಕೈ ಬೀಸಿದ.

"ಅಕ್ಕಾರ, ಆ ಒಂಬತ್ತು ಮಂದಿ ಯಾರ್ರೀ? ಮರಗುಳಿಗೋಳಾ?"
ಕೇಳಿದೆ. ಹಾಗೇನಿಲ್ಲ, ಅಂದಳು ಮೊರೀನ್.
ಒಂದು ರಾತ್ರಿಯ ವಾಂತಿ, ತಪ್ಪಿದ ಬಸ್ಸು,
ಬೇರೆ ಕೈಚೀಲದಲ್ಲಿ ಉಳಿದ ಪಟ್ಟಿ.
ಪಟದ ತಲೆಯ ಮೇಲಿದ್ದ ಪದಕ್ಕೆ ನಿಘಂಟು
'ವೈಫಲ್ಯದ ಪ್ರಮಾಣ' ಅನ್ನುತ್ತದೆ.
ನಾನು 'ತಪ್ಪಿ ನಿಂತವು' ಅಂದೆ.

ಕೂಡಿಸಬಾರದೆಂಬ ಕರಾರಿಗೆ ನಾನೇ ಸಹಿ ಹಾಕಿದ್ದೇನೆ.
ಹಾಗಾಗಿ ಹೇಳಲಿಲ್ಲ, ಹದಿನೈದು ವರ್ಷದ ಕೆಳಗೆ
ಮನೆ ಬದಲಿಸಿದ ವಾರ, 'ಅಡುಗೆಮನೆ' ಎಂದು ಬರೆದ
ಪೆಟ್ಟಿಗೆಯ ತಳದಲ್ಲಿ, ಲಟ್ಟಣಿಗೆಯ ಕೆಳಗೆ
ನನ್ನ ಐದು ಮಾತ್ರೆಗಳು ಬಿದ್ದಿದ್ದವು.

ಮಹಾನಂದಾ ಶುಕ್ರವಾರ ಬರುತ್ತಾಳೆ, ಪಾಳಿ ಮುಗಿಸಿ,
ಕಡ್ಡಿಗೆ. ಎಡತೋಳು ಸಾಕು ಅಂದಳು,
ಬಲತೋಳು ಮುದುಕಿಯರನ್ನು ಎಬ್ಬಿಸಲಿಕ್ಕೆ ಬೇಕು.
ಹೊರಗೆ ಹೋಗಿ ಈರಣ್ಣನಿಗೆ ಏನು ಹೇಳಿದಳೋ,
ಅವನು ಅವಳ ತೋಳು ಹಿಡಿದು, ಬಿಟ್ಟು, ನಕ್ಕ.

ಬಸ್‌ಸ್ಟಾಪಿನಲ್ಲಿ ಫೋನು ನಡುಗಿತು.
ಮಗ: ಬೂಟು ಕಚ್ಚುತ್ತಿದೆ ಅಮ್ಮ,
ಈ ಸಲ ಒಂಬತ್ತನೇ ಸೈಜು.